ಅಂಡಮಾನ್ ಡೈವಿಂಗ್: ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಪ್ರಶ್ನೆ: ನಾವು ತೀರ್ಥಹಳ್ಳಿಯವರು. ಅಂಡಮಾನ್‌ಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡಬೇಕೆಂಬುದು ಬಹುದಿನದ ಆಸೆ. ನನಗೆ 38 ವರ್ಷ, ಕೆರೆಯಲ್ಲಿ ಈಜಿ ಬೆಳೆದವನು. ಹೆಂಡತಿಗೆ 35, ಈಜು ಬಾರದು, ಆಗಾಗ ಸೈನಸ್ ತೊಂದರೆ ಇದೆ. ಮಗಳಿಗೆ 11, ಈಜು ಕಲಿತಿದ್ದಾಳೆ. 67 ವರ್ಷದ ತಂದೆಯೂ ಜೊತೆಗಿರುತ್ತಾರೆ; ಅವರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದ್ದಾರೆ. ಏಜೆಂಟ್ ಏಳು ರಾತ್ರಿಯ ಪ್ಯಾಕೇಜ್ ಕೊಟ್ಟಿದ್ದಾರೆ: ಮೊದಲು ಪೋರ್ಟ್ ಬ್ಲೇರ್‌ನಲ್ಲಿ ಮೂರು ರಾತ್ರಿ, ನಡುವೆ ಬಾರಾಟಾಂಗ್, ನಂತರ ಹ್ಯಾವ್‌ಲಾಕ್ ದ್ವೀಪದಲ್ಲಿ ಎರಡು, ನೀಲ್‌ನಲ್ಲಿ ಒಂದು, ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಕೊನೆಯ ದಿನ ಬೆಳಿಗ್ಗೆ ಪೋರ್ಟ್ ಬ್ಲೇರ್ ಪಕ್ಕದ ನಾರ್ತ್ ಬೇಯಲ್ಲಿ ಡೈವಿಂಗ್, ಮಧ್ಯಾಹ್ನ ವಿಮಾನ. ದಸರಾ ರಜೆ ಒಳ್ಳೆಯದೋ, ಏಪ್ರಿಲ್ ಒಳ್ಳೆಯದೋ? ಒಮ್ಮೆ ಇಳಿದು ನೋಡಿದರೆ ಸಾಕೋ, ಸರ್ಟಿಫಿಕೇಟ್ ಕೋರ್ಸನ್ನೇ ಮಾಡಬಹುದೋ?

ಉತ್ತರ: ಉಳಿದುದನ್ನೆಲ್ಲ ಆಮೇಲೆ ನೋಡೋಣ. ಏಜೆಂಟರಿಗೆ ಇವತ್ತೇ ಫೋನ್ ಮಾಡಿ ಆ ಕೊನೆಯ ದಿನದ ಡೈವಿಂಗ್ ತೆಗೆಸಿ. ಬೆಳಿಗ್ಗೆ ಸಿಲಿಂಡರ್ ಹೊತ್ತು ನೀರಿಗಿಳಿದವರು ಅದೇ ಮಧ್ಯಾಹ್ನ ವಿಮಾನ ಹತ್ತಬಾರದು. ಇದು ನನ್ನೊಬ್ಬನ ಅತಿ ಜಾಗ್ರತೆಯಲ್ಲ. ಜಗತ್ತಿನ ಎಲ್ಲ ಡೈವಿಂಗ್ ಸಂಸ್ಥೆಗಳೂ ಹೇಳುವ ಮಾತು.

ಕಾರಣ ಹೀಗಿದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ. ನೀರಿನಡಿ ಒತ್ತಡ ಹೆಚ್ಚಿದಾಗ ಅದು ಮಾಮೂಲಿಗಿಂತ ಹೆಚ್ಚು ಪ್ರಮಾಣದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ನಿಧಾನವಾಗಿ, ಗಂಟೆಗಟ್ಟಲೆ, ಉಸಿರಿನ ಮೂಲಕ ಹೊರಹೋಗುತ್ತದೆ. ಅಷ್ಟರೊಳಗೆ ವಿಮಾನ ಹತ್ತಿದರೆ, ಕ್ಯಾಬಿನ್ನಿನ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯುವುದರಿಂದ, ಉಳಿದ ಸಾರಜನಕ ದೇಹದೊಳಗೇ ಗುಳ್ಳೆಗಳಾಗಬಹುದು. ಕೀಲು ನೋವು, ಜೋಮು, ತಲೆಸುತ್ತು, ಕೆಟ್ಟ ಸಂದರ್ಭದಲ್ಲಿ ಪಾರ್ಶ್ವವಾಯು: ಇವೆಲ್ಲ ಡಿಕಂಪ್ರೆಷನ್ ಕಾಯಿಲೆಯ ಮುಖಗಳು. ಒಂದೇ ಒಂದು ಡೈವ್ ಮಾಡಿದ್ದರೆ ವಿಮಾನಕ್ಕೆ ಮುನ್ನ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡುವು ಬೇಕೆಂಬುದು ವ್ಯಾಪಕವಾಗಿ ಒಪ್ಪಿರುವ ಮಿತಿ. ನಾನು ಕೇಳಿದವರಿಗೆಲ್ಲ 24 ಗಂಟೆ ಎಂದೇ ಹೇಳುತ್ತೇನೆ. ಆಳ ಕಡಿಮೆಯಿದ್ದರೆ ಏನೂ ಆಗದೆ ಹೋಗುವ ಸಂಭವವೇ ಹೆಚ್ಚು, ನಿಜ. ಆದರೆ ಒಂದು ದಿನದ ಬಿಡುವಿನಿಂದ ತಪ್ಪಿಸಬಹುದಾದ ಅಪಾಯವನ್ನು ಮಗಳ ಮೈಮೇಲೆ ಹಾಕುವುದೇಕೆ?

ಆದ್ದರಿಂದ ಡೈವಿಂಗ್ ಪ್ರವಾಸವನ್ನು ಕೊನೆಯ ದಿನದಿಂದ ಹಿಂದಕ್ಕೆ ಯೋಜಿಸಬೇಕು. ಅಂಡಮಾನ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಹಡಗು. ಹ್ಯಾವ್‌ಲಾಕ್‌ನಿಂದ ಪೋರ್ಟ್ ಬ್ಲೇರ್‌ಗೆ ಖಾಸಗಿ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆಯ ದಾರಿ. ಸಮುದ್ರ ಕೆರಳಿದರೆ ಎರಡೂ ನಿಲ್ಲುತ್ತವೆ, ಆಗ ನಿಮ್ಮ ವಿಮಾನ ನಿಮಗಾಗಿ ಕಾಯುವುದಿಲ್ಲ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕಳೆದರೆ ಸಾರಜನಕದ ಲೆಕ್ಕವೂ ಹಡಗಿನ ಲೆಕ್ಕವೂ ಒಟ್ಟಿಗೆ ಸರಿಹೋಗುತ್ತವೆ. ನಿಮ್ಮ ಏಜೆಂಟರ ಪಟ್ಟಿಯಲ್ಲಿ ಆ ರಾತ್ರಿ ಇದೆ, ಅಷ್ಟು ಒಳ್ಳೆಯದು. ಉಳಿದ ಆರು ರಾತ್ರಿಗಳನ್ನು ನಾನಾದರೆ ಬೇರೆಯೇ ರೀತಿ ಹಂಚುತ್ತೇನೆ.

ಮೊದಲ ರಾತ್ರಿ ಪೋರ್ಟ್ ಬ್ಲೇರ್. ತಂದೆಯವರಿಗೆ ಸೆಲ್ಯುಲರ್ ಜೈಲು ತೋರಿಸಿ, ಸಂಜೆಯ ಧ್ವನಿ–ಬೆಳಕಿನ ಪ್ರದರ್ಶನಕ್ಕೂ ಕರೆದೊಯ್ಯಿರಿ. ಮರುದಿನ ಬೆಳಿಗ್ಗೆ ಹಡಗು ಹತ್ತಿದರೆ ಮುಂದಿನ ಐದು ರಾತ್ರಿ ಹ್ಯಾವ್‌ಲಾಕ್‌ನಲ್ಲೇ, ಒಂದೇ ಕೋಣೆಯಲ್ಲಿ. ತಲುಪಿದ ದಿನ ಡೈವಿಂಗ್ ಕೇಂದ್ರಕ್ಕೆ ಹೋಗಿ ಅರ್ಜಿ ತುಂಬಿ, ಸಲಕರಣೆಗಳ ಅಳತೆ ಕೊಟ್ಟು ಬನ್ನಿ. ನೀರಿಗಿಳಿಯುವ ಆತುರ ಬೇಡ. ಮುಂದಿನ ಮೂರು ದಿನ ಕಲಿಕೆ. ಆರನೆಯ ದಿನವನ್ನು ಖಾಲಿ ಬಿಡಿ. ಹವಾಮಾನ ಕೈಕೊಟ್ಟಿದ್ದರೆ, ಯಾರಿಗಾದರೂ ನೆಗಡಿಯಾಗಿದ್ದರೆ, ಬಾಕಿ ಉಳಿದದ್ದನ್ನು ಅಂದು ಮುಗಿಸಬಹುದು. ಎಲ್ಲ ಸರಿಯಿದ್ದರೆ ಬೆಳಿಗ್ಗೆ ಒಂದು ಡೈವ್ ಮಾಡಿ ಸಂಜೆ ರಾಧಾನಗರದ ಕಡಲತೀರದಲ್ಲಿ ಕೂರಬಹುದು. ಏಳನೆಯ ದಿನ ಬೆಳಗಿನ ಹಡಗಿಗೆ ವಾಪಸು, ಎಂಟನೆಯ ದಿನ ವಿಮಾನ.

ಬಾರಾಟಾಂಗ್ ಬಿಡಿ ಎನ್ನುತ್ತೇನೆ. ಸುಣ್ಣಕಲ್ಲಿನ ಗುಹೆ ಚೆನ್ನಾಗಿದೆ, ಆದರೆ ನಸುಕಿನಲ್ಲೆದ್ದು ಇಡೀ ದಿನ ರಸ್ತೆಯಲ್ಲಿ ಕಳೆಯಬೇಕು, ಅದೂ ಜರವಾ ಎಂಬ ಮೂಲನಿವಾಸಿ ಜನರ ಮೀಸಲು ಪ್ರದೇಶದ ನಡುವೆ ಸಾಲುಗಟ್ಟಿ ಸಾಗುವ ವಾಹನಗಳಲ್ಲಿ. ಆ ಜನರನ್ನು ಅವರ ಪಾಡಿಗೆ ಬಿಡುವುದೇ ಮೇಲು. ನೀಲ್ ದ್ವೀಪ ಸೊಗಸಾದ ಜಾಗ, ಅದರ ಬಗ್ಗೆ ನನಗೆ ತಕರಾರಿಲ್ಲ; ಆದರೆ ಒಂದು ರಾತ್ರಿಗಾಗಿ ಗಂಟುಮೂಟೆ ಕಟ್ಟಿ ಹಡಗು ಹತ್ತಿಳಿಯುವುದರಲ್ಲಿ ಎರಡು ಅರ್ಧ ದಿನ ಹೋಗುತ್ತದೆ. ಅಂದ ಹಾಗೆ, ಟಿಕೆಟ್ ನೋಡುವಾಗ ಗೊಂದಲ ಬೇಡ: 2018ರ ಡಿಸೆಂಬರ್‌ನಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಬುಕಿಂಗ್ ತಾಣಗಳಲ್ಲಿ ಹಳೆಯದೂ ಹೊಸದೂ ಎರಡೂ ಕಾಣುತ್ತವೆ.

ದಸರೆಯೋ ಏಪ್ರಿಲ್ಲೋ ಎಂದರೆ ಅನುಮಾನವೇ ಬೇಡ, ಏಪ್ರಿಲ್. ಅಂಡಮಾನ್‌ಗೆ ಎರಡು ಮಳೆಗಾಲ. ನೈಋತ್ಯ ಮುಂಗಾರು ಮೇ ಮಧ್ಯದ ಹೊತ್ತಿಗೇ, ಕೇರಳಕ್ಕೂ ಮೊದಲು, ಅಲ್ಲಿಗೆ ಬರುತ್ತದೆ. ಅದು ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ ಈಶಾನ್ಯದ ಮಳೆಯೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಶುರುವಾಗುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ, ನೀರು ತಿಳಿ. ಏಪ್ರಿಲ್‌ನಲ್ಲಿ ನೀರಿನ ಉಷ್ಣತೆ 29–30 ಡಿಗ್ರಿ ಇರುವುದರಿಂದ ಮಗಳಿಗೆ ಚಳಿಯೂ ಆಗದು. ದಡದ ಮೇಲೆ ಸೆಕೆ ವಿಪರೀತ, ಅದನ್ನು ಸಹಿಸಿಕೊಳ್ಳಬೇಕು. ತಿಂಗಳ ಮೊದಲರ್ಧದಲ್ಲೇ ಹೊರಡಿ. ಏಪ್ರಿಲ್ ಕೊನೆಗೆ ಮತ್ತು ಮೇ ತಿಂಗಳಲ್ಲಿ ಕೆಲವು ವರ್ಷ ನೀರು ಅತಿಯಾಗಿ ಕಾದು ಹವಳಗಳು ಬೆಳ್ಳಗೆ ಬಿಳಿಚಿಕೊಳ್ಳುತ್ತವೆ. 2010ರಲ್ಲಿ ಹಾಗೆ ಬಿಳಿಚಿದ ಹವಳದಲ್ಲಿ ಎಷ್ಟೋ ಭಾಗ ಚೇತರಿಸಿಕೊಳ್ಳಲೇ ಇಲ್ಲ. ಇಂದು ನೀವು ನೋಡುವ ದಿಬ್ಬಗಳಲ್ಲಿ ಮುರಿದು ಬಿದ್ದ ಬೂದು ಬಣ್ಣದ ಹವಳದ ರಾಶಿಯೂ, ಅದರ ನಡುವೆ ಮತ್ತೆ ಚಿಗುರಿದ ಹೊಸ ಹವಳವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಆ ಹೊಸ ಚಿಗುರಿಗೆ ಕಾಲು ತಾಗದಂತೆ ಈಜುವುದನ್ನು ಕಲಿಯುವುದಕ್ಕೇ ಕೋರ್ಸ್ ಮಾಡಿ ಎಂದು ನಾನು ಒತ್ತಾಯಿಸುವುದು.

ಈಗ ಒಬ್ಬೊಬ್ಬರ ವಿಷಯ.

ನಿಮ್ಮಿಂದಲೇ ಆರಂಭಿಸುತ್ತೇನೆ. ಕೆರೆಯಲ್ಲಿ ಈಜಿದ್ದು ಒಳ್ಳೆಯ ಬುನಾದಿ. ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡುವ ಪಾಡಿ ಅಥವಾ ಎಸ್‌ಎಸ್‌ಐ ಸಂಸ್ಥೆಯ ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ನಿಮಗೆ ಸರಿಯಾದ ಆಯ್ಕೆ. ಪಾಡಿಯ ಪರೀಕ್ಷೆಯಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, ಸಮಯದ ಮಿತಿಯಿಲ್ಲ, ಯಾವ ಬಗೆಯ ಈಜಾದರೂ ಸರಿ. ಜೊತೆಗೆ ಹತ್ತು ನಿಮಿಷ ತೇಲಬೇಕು. ಇದರಲ್ಲಿ ನಿಮಗೆ ಕಷ್ಟವಾಗದು. ಕಷ್ಟವಾಗುವುದು ಇನ್ನೊಂದು: ಕೆರೆ, ಹೊಳೆಯಲ್ಲಿ ಬೆಳೆದವರಿಗೆಲ್ಲ ತಲೆ ನೀರೊಳಗೆ ಹೋದ ಕೂಡಲೇ ಉಸಿರು ಕಟ್ಟುವುದು ಮೈಗೂಡಿದ ಅಭ್ಯಾಸ. ಸ್ಕೂಬಾದಲ್ಲಿ ಎಲ್ಲಕ್ಕಿಂತ ದೊಡ್ಡ ನಿಷೇಧವೇ ಅದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿ ಹಿಡಿದಿಟ್ಟರೆ ಶ್ವಾಸಕೋಶವೇ ಹರಿಯಬಹುದು. ಆದ್ದರಿಂದ ಉಸಿರಾಟ ಎಂದೂ ನಿಲ್ಲಕೂಡದು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ಬಾಯಿಯಿಂದ ತೆಗೆದಿರುವ ಕೆಲವು ಕ್ಷಣಗಳಲ್ಲಿಯೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು. ಚೆನ್ನಾಗಿ ಈಜುವವರು ಈ ಪಾಠದಲ್ಲಿ ಈಜು ಬಾರದವರಿಗಿಂತ ಹಿಂದೆ ಬೀಳುವುದನ್ನು ಕಲಿಸುವಾಗ ಮತ್ತೆ ಮತ್ತೆ ನೋಡಿದ್ದೇನೆ. ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮಗಳಿಗೆ 11 ಆಗಿರುವುದರಿಂದ ಅವಳೂ ಕೋರ್ಸ್ ಮಾಡಬಹುದು. ಕನಿಷ್ಠ ವಯಸ್ಸು 10. ಜೂನಿಯರ್ ಸರ್ಟಿಫಿಕೇಟ್ ಸಿಗುತ್ತದೆ, ಆಳದ ಮಿತಿ 12 ಮೀಟರ್ (ನಿಮಗೆ 18), ಮತ್ತು ಅವಳು ಡೈವ್ ಮಾಡುವಾಗ ಸರ್ಟಿಫಿಕೇಟ್ ಇರುವ ಪೋಷಕರೋ ವೃತ್ತಿಪರ ಬೋಧಕರೋ ಜೊತೆಗಿರಬೇಕು. ಆದರೆ ಆಸೆ ಅವಳದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ದೋಣಿಯಂಚಿಗೆ ಬಂದ ಮೇಲೆ ಅವಳು ಬೇಡವೆಂದರೆ ಅದೇ ಕೊನೆಯ ಮಾತು. ಕಟ್ಟಿದ ದುಡ್ಡಿನ ಮಾತು ಅಲ್ಲಿ ಬರಬಾರದು.

ಹೆಂಡತಿಯವರ ವಿಷಯದಲ್ಲಿ ಈಜಿಗಿಂತ ಸೈನಸ್ ಮುಖ್ಯ. ಆಗುಂಬೆ ಘಾಟಿ ಇಳಿದು ಸೋಮೇಶ್ವರ ತಲುಪುವಾಗ ಬಸ್ಸಿನಲ್ಲಿ ಕಿವಿ ಕಟ್ಟುವುದು ನಿಮಗೆಲ್ಲ ಗೊತ್ತೇ ಇದೆ. ಇಡೀ ಘಾಟಿಯಲ್ಲಿ ಆಗುವುದಕ್ಕಿಂತ ಹೆಚ್ಚಿನ ಒತ್ತಡದ ವ್ಯತ್ಯಾಸ ನೀರಿನ ಮೊದಲ ಒಂದೇ ಮೀಟರಿನಲ್ಲಿ ಆಗಿಬಿಡುತ್ತದೆ. ಹೀಗಾಗಿ ನೀರಿಗಿಳಿದ ಮೊದಲ ಕೈಯಳತೆಯಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಪಡಿಸಿಕೊಳ್ಳುತ್ತಿರಬೇಕು. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ. ನೋವು ಕಂಡರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಆಗದಿದ್ದರೆ ಅಂದಿನ ಡೈವ್ ಮುಗಿಯಿತೆಂದೇ ಅರ್ಥ. ಜೋರಾಗಿ ಊದಿ ತೆರೆಸಲು ಹೋದರೆ ಒಳಕಿವಿಗೇ ಪೆಟ್ಟು. ಸೈನಸ್ ಕುಳಿಗಳಿಗೆ ಹೀಗೆ ಊದಿ ತೆರೆಸುವ ದಾರಿಯೂ ಸರಿಯಾಗಿ ಇಲ್ಲ. ಕಫ ಕಟ್ಟಿದ್ದರೆ ಹಣೆಯಲ್ಲಿ ಚುಚ್ಚಿದಂಥ ನೋವಾಗಿ ಮೇಲೆ ಬಂದಾಗ ಮಾಸ್ಕ್‌ನಲ್ಲಿ ರಕ್ತ ಕಾಣಿಸುವುದುಂಟು. ಮೂಗು ತೆರೆಸುವ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಅದು ಕೆಟ್ಟ ಉಪಾಯ: ಆಳದಲ್ಲಿರುವಾಗಲೇ ಔಷಧದ ಪ್ರಭಾವ ಮುಗಿದುಹೋದರೆ ಗಾಳಿ ಒಳಗೇ ಸಿಕ್ಕಿಕೊಂಡು ಮೇಲೇರುವಾಗ ನೋವು ಕೊಡುತ್ತದೆ. ಮೇಲೇರುವುದನ್ನು ಮುಂದೂಡಲು ಬರುವುದಿಲ್ಲ.

ಆದ್ದರಿಂದ ಪ್ರವಾಸಕ್ಕೆ ಎರಡು ಮೂರು ತಿಂಗಳು ಮೊದಲೇ ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಿ, 'ಸ್ಕೂಬಾ ಡೈವಿಂಗ್‌ಗೆ' ಎಂದು ಸ್ಪಷ್ಟವಾಗಿ ಹೇಳಿ ಅಭಿಪ್ರಾಯ ಪಡೆಯಿರಿ. ಅವರು ಒಪ್ಪಿದರೆ, ಅಷ್ಟರಲ್ಲಿ ಈಜುಕೊಳಕ್ಕೆ ಸೇರಿ ತೇಲುವುದನ್ನಾದರೂ ಕಲಿಯಲಿ. ಈಜು ಬಾರದವರಿಗೂ ಬೋಧಕರು ಕೈಹಿಡಿದು ಇಳಿಸುವ ಪರಿಚಯ ಡೈವ್ ಅಂಡಮಾನ್‌ನಲ್ಲಿ ಎಲ್ಲೆಡೆ ಸಿಗುತ್ತದೆ, ಸಾವಿರಾರು ಜನ ಮಾಡುತ್ತಾರೆ. ನನ್ನ ಮಟ್ಟಿಗೆ, ನೀರಿನ ಭಯ ಇರುವವರು ಮೊದಲು ಭಯ ಕಳೆದುಕೊಳ್ಳಬೇಕು, ಆಮೇಲೆ ಸಮುದ್ರ. ಭಯದಲ್ಲಿ ಕಳೆದ ಇಪ್ಪತ್ತು ನಿಮಿಷದಲ್ಲಿ ಯಾರೂ ಏನನ್ನೂ ನೋಡುವುದಿಲ್ಲ.

ತಂದೆಯವರು ಡೈವ್ ಮಾಡುವುದು ಬೇಡ. ಅರ್ಜಿಯ ಜೊತೆಗಿನ ಆರೋಗ್ಯ ಪ್ರಶ್ನಾವಳಿಯಲ್ಲಿ ಹೃದಯದ ಚಿಕಿತ್ಸೆಯ ಪ್ರಶ್ನೆ ಇರುತ್ತದೆ. ಪ್ಯಾಕೇಜಿನ ಗಡಿಬಿಡಿಯಲ್ಲಿ 'ಎಲ್ಲಕ್ಕೂ ಇಲ್ಲ ಎಂದು ಬರೆಯಿರಿ' ಎಂದು ಹೇಳಿಕೊಡುವವರು ಸಿಗುತ್ತಾರೆ. ಅಂಥ ಜಾಗದಿಂದ ನಾಲ್ವರೂ ಎದ್ದು ಬನ್ನಿ. ತಂದೆಯವರಿಗೆ ಗಾಜಿನ ತಳದ ದೋಣಿ ಇದೆ, ಅದರಲ್ಲೂ ಹವಳ ಚೆನ್ನಾಗಿಯೇ ಕಾಣುತ್ತದೆ.

ಪರಿಚಯ ಡೈವೋ ಕೋರ್ಸೋ ಎಂಬ ಪ್ರಶ್ನೆಗೆ ಉತ್ತರ ಈಗ ಸುಲಭ. ನೀವು ಮತ್ತು ಮಗಳು ಕೋರ್ಸ್, ವೈದ್ಯರು ಒಪ್ಪಿದರೆ ಹೆಂಡತಿಯವರು ಪರಿಚಯ ಡೈವ್. ಕೋರ್ಸಿಗೆ ಒಬ್ಬರಿಗೆ ಮೂವತ್ತು ಸಾವಿರ ರೂಪಾಯಿಯ ಆಸುಪಾಸು ಖರ್ಚು ಬರುತ್ತದೆ. ನಾಲ್ಕು ಸಮುದ್ರದ ಡೈವ್, ಅದಕ್ಕೆ ಮುನ್ನ ಆಳವಿಲ್ಲದ ನೀರಿನಲ್ಲಿ ಐದು ಪಾಠ, ಓದು, ಪರೀಕ್ಷೆ ಎಲ್ಲ ಸೇರಿ. ಓದನ್ನು ಮನೆಯಲ್ಲೇ ಮೊಬೈಲಿನಲ್ಲಿ ಮುಗಿಸಿಕೊಂಡು ಹೋಗಿ, ರಜೆಯ ಸಂಜೆಗಳು ಉಳಿಯುತ್ತವೆ. ಬೆಂಗಳೂರಿನ ಡೈವಿಂಗ್ ಶಾಲೆಯಲ್ಲಿ ಈಜುಕೊಳದ ಪಾಠಗಳನ್ನೂ ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳನ್ನು ಮಾತ್ರ ಅಂಡಮಾನ್‌ನಲ್ಲಿ ಮಾಡುವ ವ್ಯವಸ್ಥೆಯೂ ಇದೆ. ನಿಮ್ಮ ಊರಿಗೆ ಇನ್ನೂ ಹತ್ತಿರ ನೇತ್ರಾಣಿ ಇದೆ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ದೋಣಿಗಳು ಹೊರಡುತ್ತವೆ. ಅಷ್ಟು ದೂರದ ಪ್ರವಾಸಕ್ಕೆ ದುಡ್ಡು ಸುರಿಯುವ ಮೊದಲು ನಿಮ್ಮ ದೇಹ ಇದನ್ನು ಒಪ್ಪುತ್ತದೆಯೇ, ದೋಣಿಯ ಓಲಾಟಕ್ಕೆ ಹೊಟ್ಟೆ ತಡೆಯುತ್ತದೆಯೇ ಎಂದು ಡಿಸೆಂಬರ್‌ನ ಒಂದು ವಾರಾಂತ್ಯದಲ್ಲಿ ತಿಳಿದುಕೊಳ್ಳಬಹುದು.

ಡೈವಿಂಗ್ ಕೇಂದ್ರವನ್ನು ಏಜೆಂಟರ ಕೈಗೆ ಬಿಡಬೇಡಿ, ನೀವೇ ಆರಿಸಿ. ಬೆಲೆ ಕೇಳುವ ಮೊದಲು ಬೇರೆ ಕೆಲವನ್ನು ಕೇಳಿ. ಒಬ್ಬ ಬೋಧಕರ ಜೊತೆ ಎಷ್ಟು ಜನ ಇಳಿಯುತ್ತಾರೆ? ನಿಯಮದಲ್ಲಿ ಕೋರ್ಸಿಗೆ ಎಂಟು ಜನರವರೆಗೆ ಅವಕಾಶವಿದ್ದರೂ ಒಳ್ಳೆಯ ಕೇಂದ್ರಗಳು ನಾಲ್ಕನ್ನು ದಾಟುವುದಿಲ್ಲ; ನಿಮ್ಮ ಹೆಂಡತಿಯವರಿಗೆ ಒಬ್ಬರಿಗೆ ಒಬ್ಬರು ಬೇಕೇ ಬೇಕು. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತದೆಯೇ? ಇದೆ ಎಂದರೆ ತೋರಿಸಿ ಎನ್ನಿ, ಸಂಕೋಚ ಬೇಡ. ಏನಾದರೂ ಆದರೆ ಪೋರ್ಟ್ ಬ್ಲೇರ್‌ನ ನೌಕಾಪಡೆಯ ಆಸ್ಪತ್ರೆಯ ಒತ್ತಡ ಚಿಕಿತ್ಸಾ ಕೋಣೆಗೆ ಹೇಗೆ ಸಾಗಿಸುತ್ತಾರೆ? ನೀರಿನಡಿ ನಿಜವಾಗಿ ಎಷ್ಟು ನಿಮಿಷ? ಪರಿಚಯ ಡೈವ್‌ನ ಜಾಹೀರಾತಿನ ಸಮಯದಲ್ಲಿ ಸೂಟ್ ಹಾಕುವುದೂ ಫೋಟೊ ತೆಗೆಯುವುದೂ ಸೇರಿರಬಹುದು. ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವವರು ನೀರಿನಡಿಯೂ ತಾಳ್ಮೆಯಿಂದ ಇರುತ್ತಾರೆ. ಫೋಟೊಗಾಗಿ ಮೀನಿಗೆ ಬಿಸ್ಕತ್ತು ಹಾಕುವ, ಹವಳದ ಮೇಲೆ ನಿಲ್ಲಿಸುವ ಕೇಂದ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಅಲ್ಲಿನ ದಿನ ಬೇಗ ಶುರುವಾಗುತ್ತದೆ. ಗಡಿಯಾರ ನಮ್ಮದೇ, ಆದರೆ ದ್ವೀಪಗಳು ತುಂಬ ಪೂರ್ವದಲ್ಲಿರುವುದರಿಂದ ಐದು ಗಂಟೆಗೆಲ್ಲ ಬೆಳಕು ಹರಿಯುತ್ತದೆ, ಸಂಜೆ ಐದೂವರೆಯ ಹೊತ್ತಿಗೆ ಸೂರ್ಯಾಸ್ತ. ದೋಣಿಗಳು ಬೆಳಿಗ್ಗೆಯೇ ಹೊರಡುತ್ತವೆ. ವಾಂತಿಯ ಮಾತ್ರೆ ಬೇಕಿದ್ದರೆ ಊರಲ್ಲೇ ಒಮ್ಮೆ ನುಂಗಿ ನೋಡಿ, ತೂಕಡಿಕೆ ತರಿಸುವ ಮಾತ್ರೆಯೊಂದಿಗೆ ಡೈವ್ ಮಾಡುವಂತಿಲ್ಲ.

ಮೊದಲ ಡೈವ್ ಬಹುಶಃ ನೀಮೋ ರೀಫ್‌ನಲ್ಲಿ ಇರುತ್ತದೆ, ದಡದಿಂದಲೇ ನಡೆದು ಇಳಿಯುವ ಜಾಗ. ಮರಳಿನ ಇಳಿಜಾರು, ಅಲ್ಲಲ್ಲಿ ಹವಳದ ಗುಡ್ಡೆ. ನಿಮ್ಮ ಉಸಿರಿನ ಸದ್ದನ್ನು ಬಿಟ್ಟರೆ ಹೆಚ್ಚೇನೂ ಕೇಳದು. ಐದಾರು ಮೀಟರ್ ಇಳಿದಾಗ ಮಗಳ ಈಜುಡುಪಿನ ಕೆಂಪು ಮಂಕಾಗಿ ಕಂದಾಗುವುದನ್ನು ಗಮನಿಸಿ. ಬೆಳಕಿನಲ್ಲಿರುವ ಕೆಂಪನ್ನು ನೀರು ಮೊದಲು ಹೀರಿಬಿಡುತ್ತದೆ. ಬೋಧಕರು ಟಾರ್ಚ್ ಹಾಕಿದ ಕಡೆ ಮಾತ್ರ ಹವಳದ ಕೆಂಪು ಮತ್ತೆ ಏಳುತ್ತದೆ. ಹೂವಿನಂತೆ ಕಾಣುವ ಕಡಲಜೀವಿ ಅನಿಮೋನ್‌ನ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನಿನ ಸಂಸಾರ ಕಂಡರೆ ಹತ್ತಿರ ಹೋಗದೆ ಕಾಯಿರಿ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು, ಉಳಿದವು ಸರದಿ ಕಾಯುವ ಚಿಕ್ಕವು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ನಿಮ್ಮ ಮಾಸ್ಕ್‌ನತ್ತ ನುಗ್ಗಿ ಬಂದು ಹೆದರಿಸುವುದು ಹೆಚ್ಚಾಗಿ ಆ ದೊಡ್ಡ ಹೆಣ್ಣೇ, ಬೆರಳುದ್ದದ್ದು.

ಒಂದು ಸಂಜ್ಞೆಯನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಹೆಬ್ಬೆರಳು ಎತ್ತಿ ತೋರಿಸಿದರೆ ನೀರಿನಡಿ ಅದಕ್ಕೆ 'ಮೇಲೆ ಹೋಗೋಣ' ಎಂಬ ಅರ್ಥ. ಸಂತೋಷದಲ್ಲಿ ಹೆಬ್ಬೆರಳೆತ್ತಿದ ಕೂಡಲೇ ಬೋಧಕರು ಮೇಲಕ್ಕೆ ಕರೆತರುತ್ತಾರೆ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಎಂಬ ಹೆಸರುಗಳನ್ನು ನೀವು ಓದಿರಬಹುದು. ಅವು ಹ್ಯಾವ್‌ಲಾಕ್‌ನ ಅತ್ಯುತ್ತಮ ಜಾಗಗಳೇ, ಆದರೆ ಆಳ ಮೂವತ್ತು ಮೀಟರ್‌ವರೆಗೆ ಹೋಗುತ್ತದೆ, ಪ್ರವಾಹವೂ ಇರುತ್ತದೆ. ಮುಂದಿನ ಹಂತದ ಅಡ್ವಾನ್ಸ್‌ಡ್ ಕೋರ್ಸ್ ಆದ ಮೇಲಿನ ಮಾತು ಅದು, ಈ ಸಲ ಬೇಡ.

ಕನ್ನಡಕ ಇದ್ದರೆ ಪವರ್ ಇರುವ ಮಾಸ್ಕ್ ಇದೆಯೇ ಎಂದು ಮೊದಲೇ ವಿಚಾರಿಸಿ. ನಿಮ್ಮ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದು ನೋಡಿ, ಎಷ್ಟೋ ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ. ಸ್ವಲ್ಪ ನಗದು ಇರಲಿ. ಕಡಲತೀರದಲ್ಲಿ ಮೊಸಳೆಯ ಎಚ್ಚರಿಕೆ ಫಲಕವಿದ್ದರೆ ಅಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಮಗಳು ಆಯ್ದ ಚಿಪ್ಪು, ಹವಳದ ತುಂಡುಗಳನ್ನು ಅಲ್ಲೇ ಬಿಟ್ಟು ಬರಲಿ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ.

ಈಗ ಮಾಡಬೇಕಾದ ಕೆಲಸದ ಕ್ರಮ ಹೀಗಿರಲಿ: ಮೊದಲು ವೈದ್ಯರ ಭೇಟಿ, ನಂತರ ಡೈವಿಂಗ್ ಕೇಂದ್ರದಲ್ಲಿ ಮೂರು ದಿನ ಕಾದಿರಿಸುವುದು, ಆ ದಿನಗಳಿಗೆ ಹೊಂದುವಂತೆ ಹಡಗು, ಎಲ್ಲಕ್ಕಿಂತ ಕೊನೆಗೆ ವಿಮಾನ. ಏಜೆಂಟರು ಇದನ್ನೇ ತಲೆಕೆಳಗಾಗಿ ಮಾಡುತ್ತಾರೆ, ವಿಮಾನದ ಅಗ್ಗದ ಟಿಕೆಟ್ ಮೊದಲು ಹಿಡಿದು ಡೈವಿಂಗನ್ನು ಉಳಿದ ಬೆಳಿಗ್ಗೆಗೆ ತುರುಕುತ್ತಾರೆ. ವೈದ್ಯರು ಹೆಂಡತಿಯವರಿಗೆ ಬೇಡವೆಂದರೆ ಮತ್ತೆ ಬರೆಯಿರಿ. ಅವರೂ ತಂದೆಯವರೂ ಹ್ಯಾವ್‌ಲಾಕ್‌ನಲ್ಲಿ ಆ ಐದು ದಿನ ಹೇಗೆ ಕಳೆಯಬಹುದೆಂದು ಬೇರೆಯೇ ಒಂದು ಯೋಜನೆ ಹಾಕಿ ಕಳಿಸುತ್ತೇನೆ.